ಊರಿನ ನೋವನ್ನು ಕೂಡಿ ನೆನೆಯುವುದು ಹೇಗೆ?

ಪ್ರತಿ ವರ್ಷ ಜುಲೈ 21ಕ್ಕೆ ನರಗುಂದ, ನವಲಗುಂದದ ಕಡೆ ಬಂದರೆ ರಸ್ತೆ ತುಂಬ ಹಸಿರು ಶಾಲು ಕಾಣುತ್ತದೆ. 1980ರ ಗೋಲಿಬಾರಿನಲ್ಲಿ ಸತ್ತ ರೈತರ ವೀರಗಲ್ಲಿಗೆ ಹಾರ ಬೀಳುತ್ತದೆ, ಮೈಕಿನಲ್ಲಿ ಘೋಷಣೆ ಕೇಳುತ್ತದೆ, ಮಧ್ಯಾಹ್ನದ ಊಟದ ಹೊತ್ತಿಗೆ ಕಾರುಗಳು ವಾಪಸ್ ಹೊರಡುತ್ತವೆ. ನಾನು ಇದನ್ನು ಚಿಕ್ಕವನಿದ್ದಾಗಿನಿಂದ ನೋಡುತ್ತ ಬಂದವನು. ಕೆಲವು ವರ್ಷಗಳ ಹಿಂದೆ ನಾವು ನಾಲ್ಕೈದು ಜನ ಸೇರಿ, ಸಾಲದ ಬಾಧೆಯಲ್ಲಿ ಜೀವ ಕಳೆದುಕೊಂಡ ನಮ್ಮೂರಿನ ರೈತರನ್ನು ನೆನೆಯಲು ಒಂದು ಸಭೆ ಶುರು ಮಾಡಿದೆವು.

ಮೊದಲ ವರ್ಷ ಅದು ಪೂರಾ ಕೆಟ್ಟಿತು. ಪೆಂಡಾಲ್ ಹಾಕಿಸಿದ್ದೆವು, ಕುರ್ಚಿ ತರಿಸಿದ್ದೆವು, ಪಕ್ಷವೊಂದರ ಮುಖಂಡರು ಬಂದು ಮುಕ್ಕಾಲು ಗಂಟೆ ಮಾತಾಡಿದರು. ಸತ್ತವರ ಹೆಂಡತಿಯರನ್ನು ವೇದಿಕೆಗೆ ಕರೆದು ಸಾಲಾಗಿ ನಿಲ್ಲಿಸಿ ಶಾಲು ಹೊದಿಸಿ ಫೋಟೋ ತೆಗೆದೆವು. ಅವರ ಬಾಯಿಂದ ಒಂದು ಮಾತೂ ಬರಲಿಲ್ಲ. ಮರುದಿನ ಅವರಲ್ಲೊಬ್ಬರ ಮನೆಗೆ ಹೋದಾಗ ಆ ಅಕ್ಕ ಚಹಾ ಕೊಟ್ಟು ಹೇಳಿದ್ದು ಇಷ್ಟೇ: "ತಮ್ಮಾ, ನಿನ್ನೆ ನಮ್ಮನ್ನ ಮತ್ತೊಮ್ಮೆ ಸಾಲಗಾರರನ್ನ ಮಾಡಿದ್ರಿ." ಆ ಮಾತು ಇವತ್ತಿಗೂ ಕಿವಿಯಲ್ಲಿದೆ.

ಈ ಬರಹ ಅಲ್ಲಿಂದ ಕಲಿತದ್ದು. ನಿಮ್ಮ ಊರಿನಲ್ಲೂ ಇಂಥ ಒಂದು ನೋವು ಇರಬಹುದು. ಅಣೆಕಟ್ಟಿನಲ್ಲಿ ಮುಳುಗಿದ ಊರು, ನೆರೆಯಲ್ಲಿ ಹೋದ ಮನೆ, ಜಾತಿಯ ಹೆಸರಲ್ಲಿ ನಡೆದ ಹಲ್ಲೆ, ಮುಚ್ಚಿದ ಕಾರ್ಖಾನೆ. ಅದನ್ನು ಹತ್ತು ಜನ ಕೂಡಿ ನೆನೆಯಬೇಕು, ಆ ನೆನಪಿನಿಂದ ಒಂದು ಒಗ್ಗಟ್ಟು ಬೆಳೆಯಬೇಕು, ಅದು ಯಾರದೋ ಕೈಗೊಂಬೆ ಆಗಬಾರದು ಅಂದುಕೊಂಡವರಿಗೆ ಇದು ಉಪಯೋಗವಾದೀತು.

ನೋವು ತಾನಾಗಿ ಒಂದುಗೂಡಿಸುವುದಿಲ್ಲ

ಎಲ್ಲರಿಗೂ ಒಂದೇ ಕಷ್ಟ ಬಂದರೆ ಎಲ್ಲರೂ ಒಂದಾಗುತ್ತಾರೆ ಅಂತ ನಾವು ಅಂದುಕೊಳ್ಳುತ್ತೇವೆ. ಹಾಗಾಗುವುದಿಲ್ಲ. ಬರಗಾಲ ಬಂದಾಗ ಪ್ರತಿ ಮನೆಯೂ ತನ್ನ ಬಾಗಿಲು ಹಾಕಿಕೊಂಡು ಒಳಗೇ ನರಳುತ್ತದೆ. ಪಕ್ಕದ ಮನೆಯವನ ಸಾಲ ಎಷ್ಟು ಅಂತ ನಮಗೆ ಗೊತ್ತಿರುವುದಿಲ್ಲ, ನಮ್ಮದನ್ನು ನಾವು ಹೇಳುವುದಿಲ್ಲ. ಕಷ್ಟ ಒಂದೇ ಇದ್ದರೂ ಅದು ಸಾವಿರ ಚೂರಾಗಿ ಸಾವಿರ ಮನೆಯಲ್ಲಿ ಬಿದ್ದಿರುತ್ತದೆ.

1980ರ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭಾ ಅಣೆಕಟ್ಟು ಆಯಿತು, ಕಾಲುವೆ ಬಂತು. ಎರೆ ಹೊಲದವರು ಹತ್ತಿ ಹಾಕಿದರು. ಕಾಲುವೆಯ ಕೊನೆಯ ಹೊಲಗಳಿಗೆ ನೀರು ಸರಿಯಾಗಿ ಮುಟ್ಟಲಿಲ್ಲ, ಹತ್ತಿಯ ಧಾರಣೆ ಬಿತ್ತು. ಅಷ್ಟರಲ್ಲಿ ಸರ್ಕಾರ ನೀರಿನ ಕರದ ಜೊತೆಗೆ ಬೆಟರ್‌ಮೆಂಟ್ ಲೆವಿ ಕೇಳಿತು. ಅಂದರೆ, ನೀರಾವರಿಯಿಂದ ನಿನ್ನ ಭೂಮಿಯ ಬೆಲೆ ಏರಿದೆ, ಅದಕ್ಕೊಂದು ಅಭಿವೃದ್ಧಿ ಕರ ಕಟ್ಟು ಅಂತ. ನೀರೇ ಕಾಣದ ಹೊಲದವನಿಗೂ ನೋಟೀಸ್ ಹೋಯಿತು.

ಕಷ್ಟ ಇತ್ತಲ್ಲ, ಅಷ್ಟಕ್ಕೇ ಚಳವಳಿ ಆಗಲಿಲ್ಲ. ಮೊದಲು ಊರೂರು ತಿರುಗಿ ಲೆಕ್ಕ ಕೂಡಿಸಿದವರಿದ್ದರು. ನಿನಗೂ ನೋಟೀಸ್ ಬಂದಿದೆಯಾ, ನಿನ್ನ ಹೊಲಕ್ಕೂ ನೀರು ಬಂದಿಲ್ಲವಾ ಅಂತ ಕೇಳಿದವರಿದ್ದರು. ನರಗುಂದ, ನವಲಗುಂದ, ಸವದತ್ತಿ ಕಡೆಯ ರೈತರು ಸೇರಿ ಒಂದು ಸಮನ್ವಯ ಸಮಿತಿ ಮಾಡಿಕೊಂಡರು. ಹಾಗೆ ಕೂಡಿದ್ದಕ್ಕೇ ಜುಲೈ 21ರಂದು ಅಷ್ಟು ಜನ ತಹಶೀಲ್ದಾರ್ ಕಚೇರಿಗಳ ಮುಂದೆ ಸೇರಿದ್ದು. ಅವತ್ತು ಗೋಲಿಬಾರ್ ಆಯಿತು. ಚಿಕ್ಕನರಗುಂದದ ಈರಪ್ಪ ಕಡ್ಲಿಕೊಪ್ಪ, ಅಳಗವಾಡಿಯ ಬಸಪ್ಪ ಲಕ್ಕುಂಡಿ ಜೀವ ಬಿಟ್ಟರು. ನರಗುಂದದಲ್ಲಿ ಸಿಟ್ಟಿಗೆದ್ದ ಗುಂಪಿನ ಕೈಯಲ್ಲಿ ಪೊಲೀಸರೂ ಸತ್ತರು. ಈ ಮಾತನ್ನು ಬಹಳ ಸಭೆಗಳಲ್ಲಿ ಯಾರೂ ಎತ್ತುವುದಿಲ್ಲ, ನಾನು ಆಮೇಲೆ ಇದಕ್ಕೆ ಬರುತ್ತೇನೆ.

ಆ ಬಿಸಿ ಇಡೀ ರಾಜ್ಯಕ್ಕೆ ಹಬ್ಬಿತು. ಗುಂಡೂರಾಯರ ಸರ್ಕಾರ ರಿಯಾಯಿತಿ ಘೋಷಿಸಬೇಕಾಯಿತು. ಅದೇ ವರ್ಷ ಶಿವಮೊಗ್ಗ ಕಡೆಯ ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಕಡಿದಾಳು ಶಾಮಣ್ಣ ಮತ್ತು ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರ ಜೊತೆ ಕರ್ನಾಟಕ ರಾಜ್ಯ ರೈತ ಸಂಘ ಎದ್ದು ನಿಂತಿತು. 1983ರ ಜನವರಿಯಲ್ಲಿ ಕಾಂಗ್ರೆಸ್ ಕರ್ನಾಟಕದಲ್ಲಿ ಮೊದಲ ಸಲ ಅಧಿಕಾರ ಕಳೆದುಕೊಂಡಿತು. ಅದಕ್ಕೆ ಬೇರೆ ಕಾರಣಗಳೂ ಇದ್ದವು, ರೈತರ ಸಿಟ್ಟೂ ಒಂದು.

ಹಾಗಾಗಿ ಸಭೆಯ ದಿನಾಂಕ ಗೊತ್ತು ಮಾಡುವ ಮೊದಲು ಮನೆ ಮನೆಗೆ ಹೋಗಿ. ಕನಿಷ್ಠ ಎರಡು ತಿಂಗಳು ಮುಂಚೆ ಶುರು ಮಾಡಿ.

ಕೇಳಲು ಹೋಗುವಾಗ

ಇಬ್ಬರೇ ಹೋಗಿ. ನಾಲ್ಕು ಜನ ಹೋದರೆ ಅದು ವಿಚಾರಣೆ ಥರ ಕಾಣುತ್ತದೆ. ಒಬ್ಬರು ಹೆಣ್ಣುಮಗಳು ಇದ್ದರೆ ಬಹಳ ಒಳ್ಳೆಯದು, ಯಾಕೆಂದರೆ ಗಂಡಸರು ಪಡಸಾಲೆಯಲ್ಲಿ ಕೂತಾಗ ಅಡಿಗೆ ಮನೆಯ ಮಾತು ಹೊರಗೆ ಬರುವುದೇ ಇಲ್ಲ. ಮೊಬೈಲ್ ಮೊದಲು ಜೇಬಿನಲ್ಲಿರಲಿ. ರೆಕಾರ್ಡ್ ಮಾಡಬೇಕು ಅನಿಸಿದರೆ ಎರಡನೇ ಭೇಟಿಯಲ್ಲಿ, ಕೇಳಿ ಮಾಡಿ.

"ನಿಮಗೆ ಹೇಗನಿಸಿತು" ಅಂತ ಕೇಳಬೇಡಿ. ಟಿವಿಯವರು ಕೇಳುವ ಪ್ರಶ್ನೆ ಅದು. ಉತ್ತರವಾಗಿ ಅಳು ಬರುತ್ತದೆ, ಇಲ್ಲವೇ ಸುಮ್ಮನಾಗುತ್ತಾರೆ. ಬದಲಿಗೆ ಆ ದಿನದ ಬಗ್ಗೆ ಕೇಳಿ. ಅವತ್ತು ಹೊಲಕ್ಕೆ ಯಾರು ಹೋಗಿದ್ದರು, ಒಲೆ ಮೇಲೆ ಏನಿತ್ತು, ಸುದ್ದಿ ಯಾರು ತಂದರು, ಆಮೇಲೆ ಮೊದಲು ಮನೆಗೆ ಬಂದವರು ಯಾರು, ಬರಬೇಕಾಗಿದ್ದೂ ಬರದವರು ಯಾರು. ಕೊನೆಯ ಪ್ರಶ್ನೆಯಲ್ಲಿ ಊರಿನ ಅರ್ಧ ರಾಜಕೀಯ ಹೊರಗೆ ಬರುತ್ತದೆ.

ನಮ್ಮೂರಿನ ಒಬ್ಬ ಅಜ್ಜಿ ಮಗನ ಸಾವಿನ ಬಗ್ಗೆ ಬಹಳ ಏನೂ ಹೇಳಲಿಲ್ಲ. ಆದರೆ ಅದಕ್ಕೂ ಮುಂಚೆ ಒಂದು ದಿನ ಸಾಲ ವಸೂಲಿಯವರು ಜೀಪು ತಂದು ಬಾಗಿಲ ಮುಂದೆ ನಿಲ್ಲಿಸಿದ್ದನ್ನು ಗಳಿಗೆ ಗಳಿಗೆಯಾಗಿ ಹೇಳಿದರು. "ಓಣಿ ಮಂದಿ ಎಲ್ಲಾ ನೋಡಾಕತ್ತಿದ್ರು. ಅವತ್ತ ಅಂವ ಅರ್ಧ ಸತ್ತಿದ್ದ." ಅವರು ಹೇಳಿದ್ದು ಬಡತನದ ಮಾತಲ್ಲ, ಓಣಿಯ ಕಣ್ಣಿನ ಮಾತು.

ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಹೆಸರು, ವಯಸ್ಸು, ಎಷ್ಟು ಎಕರೆ, ಯಾರ ಸಾಲ, ಯಾವ ತಾರೀಕು. ತಾರೀಕು ನೆನಪಿಲ್ಲದಿದ್ದರೆ ಹಬ್ಬದ ಹೆಸರು ಹಿಡಿದು ಕೇಳಿ: ನಾಗರ ಪಂಚಮಿ ಮುಂಚೆಯೋ ಆಮೇಲೋ, ಸೀಗೆ ಹುಣ್ಣಿಮೆ ಆಗಿತ್ತೋ ಇಲ್ಲವೋ. ಬರೆದದ್ದನ್ನು ಓದಿ ಹೇಳಿ, ಅವರು ತಿದ್ದಲಿ. ಬೇಡ ಅಂದದ್ದನ್ನು ಹೊಡೆದು ಹಾಕಿ.

ಬರೆಯುವುದು ತಡ ಮಾಡಬೇಡಿ. ಕಂಬಾಲಪಲ್ಲಿಯನ್ನು ನೆನೆಯಿರಿ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಆ ಊರಲ್ಲಿ ಏಳು ಜನ ದಲಿತರನ್ನು ಸುಟ್ಟು ಕೊಂದರು. ಇಡೀ ರಾಜ್ಯ ಮರುಗಿತು, ಮೆರವಣಿಗೆ ಆದವು, ದೊಡ್ಡವರೆಲ್ಲ ಹೋಗಿ ಬಂದರು. ಆಮೇಲೆ ಸಾಕ್ಷಿಗಳು ಒಬ್ಬೊಬ್ಬರಾಗಿ ತಿರುಗಿ ಬಿದ್ದರು. 2006ರಲ್ಲಿ ವಿಚಾರಣಾ ನ್ಯಾಯಾಲಯ ಆರೋಪಿಗಳನ್ನೆಲ್ಲ ಬಿಟ್ಟಿತು. ಆರು ವರ್ಷ ಕಾದು, ಅದೇ ಸುತ್ತಿನ ಜನರ ಎದುರು ಸಾಕ್ಷಿ ಹೇಳುವುದು ಎಷ್ಟು ಕಷ್ಟ ಅಂತ ಯೋಚಿಸಿ. ಮರುಗುವ ಜನ ಸಾವಿರಾರು ಇದ್ದರು, ಪಕ್ಕದಲ್ಲಿ ನಿಂತು ಕಾಯುವವರು ಇರಲಿಲ್ಲ. ನಿಮ್ಮ ಗುಂಪು ಯಾವ ಕೆಲಸಕ್ಕೆ ಅಂತ ಕೇಳಿದರೆ ಈ ಎರಡನೇ ಕೆಲಸಕ್ಕೆ.

ಮರುಕ ಬೇಡ, ಅವಮಾನವನ್ನು ಹುಡುಕಿ

ದುಃಖ, ಭಯ, ಸಿಟ್ಟು, ನಾಚಿಕೆ ಎಲ್ಲವನ್ನೂ ನಾವು ಒಂದೇ ಚೀಲದಲ್ಲಿ ಹಾಕಿ ನೋವು ಅನ್ನುತ್ತೇವೆ. ಇವು ಒಂದೊಂದೂ ಬೇರೆ ಬೇರೆ ಥರ ಕೆಲಸ ಮಾಡುತ್ತವೆ. ದುಃಖ ಮನುಷ್ಯನನ್ನು ಮನೆಯೊಳಗೆ ಕೂರಿಸುತ್ತದೆ. ಭಯ ಒಬ್ಬರಿಂದ ಒಬ್ಬರನ್ನು ದೂರ ಮಾಡುತ್ತದೆ. ನಾಚಿಕೆ ಬಾಯಿ ಮುಚ್ಚಿಸುತ್ತದೆ. ಆದರೆ ಇದು ನನ್ನ ತಪ್ಪಲ್ಲ, ನನಗೆ ಬೇಕಂತಲೇ ಮಾಡಿದ ಅವಮಾನ, ಇದು ಅವನಿಗೂ ಆಗಿದೆ ಅಂತ ಗೊತ್ತಾದ ಗಳಿಗೆಯಲ್ಲಿ ಅದೇ ನಾಚಿಕೆ ಸಿಟ್ಟಾಗಿ ತಿರುಗುತ್ತದೆ. ನನ್ನ ಅನುಭವದಲ್ಲಿ ಜನ ಒಂದಾಗುವುದು ಅಲ್ಲೇ.

ರೈತ ಸಂಘದ ಹಳಬರು ಇದನ್ನು ಚೆನ್ನಾಗಿ ತಿಳಿದಿದ್ದರು. ಆಗ ಸಾಲ ಕಟ್ಟದವನ ಮನೆಗೆ ಬಂದು ಪಾತ್ರೆ, ಪಂಪ್‌ಸೆಟ್ಟು ಜಪ್ತಿ ಮಾಡಿಕೊಂಡು ಹೋಗುತ್ತಿದ್ದರು. ಜಪ್ತಿ ಅಂದರೆ ಮಾನ ಹೋದ ಹಾಗೆ. ಸಂಘದವರು ಎರಡು ಕೆಲಸ ಮಾಡಿದರು. ಒಂದು, ಅನುಮತಿ ಇಲ್ಲದೆ ವಸೂಲಿ ಅಧಿಕಾರಿಗಳು ಊರೊಳಗೆ ಬರಬಾರದು ಅಂತ ಊರ ಬಾಗಿಲಿಗೆ ಬೋರ್ಡ್ ಹಾಕಿದರು. ಇನ್ನೊಂದು, ಜಪ್ತಿಯಾದ ಸಾಮಾನನ್ನು ಊರೆಲ್ಲ ಸೇರಿ ಹೋಗಿ ವಾಪಸ್ ತಂದರು, ಅದಕ್ಕೆ ಮರು ಜಪ್ತಿ ಅಂತ ಹೆಸರೂ ಇಟ್ಟರು. ರೈತ ಸಾಲಗಾರನಲ್ಲ, ಸರ್ಕಾರವೇ ಬಾಕಿದಾರ ಎಂಬ ಮಾತು ಊರೂರಲ್ಲಿ ಓಡಾಡಿತು. ಹೊಲದಲ್ಲಿ ಬೆಳೆದದ್ದಕ್ಕೆ ಸರಿಯಾದ ಬೆಲೆ ಕೊಡದೆ ಉಳಿಸಿಕೊಂಡ ಹಣದ ಲೆಕ್ಕ ಹಾಕಿದರೆ ಯಾರು ಯಾರಿಗೆ ಕೊಡಬೇಕು? ಆ ಒಂದು ಪ್ರಶ್ನೆಯಿಂದ ತಲೆ ತಗ್ಗಿಸಿ ನಡೆಯುತ್ತಿದ್ದವನು ತಲೆ ಎತ್ತಿದ. ಆ ಹಸಿರು ಶಾಲಿಗೆ ಅಷ್ಟು ಬೆಲೆ ಬಂದದ್ದು ಅದನ್ನು ಹೊದ್ದವನು ಒಬ್ಬಂಟಿ ಅಲ್ಲ ಅನ್ನುವುದು ಕಚೇರಿಯ ಗುಮಾಸ್ತನಿಗೂ ಗೊತ್ತಾಗಿದ್ದರಿಂದ.

ದಲಿತ ಸಂಘರ್ಷ ಸಮಿತಿಯ ದಾರಿ ಇದಕ್ಕಿಂತ ಕಠಿಣ ಇತ್ತು, ಯಾಕೆಂದರೆ ಅಲ್ಲಿ ಅವಮಾನಕ್ಕೆ ಒಂದು ನೋಟೀಸ್, ಒಂದು ತಾರೀಕು ಇರಲಿಲ್ಲ, ಹುಟ್ಟಿದಾಗಿನಿಂದ ಸಾಯುವ ತನಕ ಅದೇ. 1973ರಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು 'ಬೂಸಾ', ಅಂದರೆ ದನಕ್ಕೆ ಹಾಕುವ ಹೊಟ್ಟು, ಅಂತ ಆಡಿದ ಮಾತಿಗೆ ಗಲಾಟೆ ಎದ್ದು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಬಸವಲಿಂಗಪ್ಪನವರು ಮಂತ್ರಿ ಸ್ಥಾನ ಬಿಟ್ಟರು. ಹಾಸ್ಟೆಲ್ಲುಗಳಲ್ಲಿ ಒಬ್ಬೊಬ್ಬರೇ ನುಂಗಿಕೊಂಡಿದ್ದ ಹುಡುಗರು ಅವತ್ತು ಒಬ್ಬರ ಮುಖ ಒಬ್ಬರು ನೋಡಿದರು. ಪ್ರೊ. ಬಿ. ಕೃಷ್ಣಪ್ಪನವರು ಮುಂದೆ ನಿಂತು ಕಟ್ಟಿದ ಸಮಿತಿಗೆ ಆ ಹುಡುಗರೇ ಬಲವಾದರು. ಅವರ ಒಂದು ಘೋಷಣೆ ನನಗೆ ಬಹಳ ಇಷ್ಟ: ಹೆಂಡ ಬೇಡ, ಹೋಬಳಿಗೊಂದು ವಸತಿ ಶಾಲೆ ಬೇಕು. ನೋವೂ ಅದರಲ್ಲಿದೆ, ಏನು ಬೇಕು ಅನ್ನುವುದೂ ಇದೆ. ನಿಮ್ಮ ಸಭೆಗೆ ಒಂದು ಸಾಲು ಬರೆಯಬೇಕಾದಾಗ ಈ ಅಳತೆ ಇಟ್ಟುಕೊಳ್ಳಿ. "ರೈತರ ಕಣ್ಣೀರು ಒರೆಸೋಣ" ಅಂತ ಬ್ಯಾನರ್ ಬರೆಸಿದರೆ ಓದಿದವರಿಗೆ ಅಯ್ಯೋ ಪಾಪ ಅನಿಸುತ್ತದೆ, ಅಷ್ಟೇ. ಹೊಲದ ಪಹಣಿ ಹೆಂಡತಿಯ ಹೆಸರಿಗೂ ಆಗಬೇಕು ಅಂತ ಬರೆಯಿರಿ, ಆಗ ಊರಲ್ಲಿ ಚರ್ಚೆ ಹುಟ್ಟುತ್ತದೆ.

ದಿನ, ಜಾಗ, ಗುರುತು

ನೆನಪಿಗೆ ಒಂದು ದಿನ ಬೇಕು, ಒಂದು ಜಾಗ ಬೇಕು, ಕೈಗೆ ಸಿಗುವ ಒಂದು ಗುರುತು ಬೇಕು. ನಮ್ಮ ಹಿರಿಯರಿಗೆ ಇದು ಸಾವಿರ ವರ್ಷದ ಹಿಂದೆಯೇ ಗೊತ್ತಿತ್ತು. ತುರು ಕಾಯಲು ಹೋಗಿ ಸತ್ತವನಿಗೆ ಊರ ಮುಂದೆ ಕಲ್ಲು ನಿಲ್ಲಿಸಿದರು. ಕೆಳಗಿನ ಪಟ್ಟಿಕೆಯಲ್ಲಿ ಅವನ ಕಾದಾಟ, ನಡುವೆ ಅವನನ್ನು ಮೇಲೆ ಒಯ್ಯುವ ಅಪ್ಸರೆಯರು, ತುದಿಯಲ್ಲಿ ಶಿವನ ಸನ್ನಿಧಿ. ಓದಲು ಬರದವನಿಗೂ ಕಥೆ ತಿಳಿಯುತ್ತದೆ. 1980ರಲ್ಲಿ ಸತ್ತ ರೈತರಿಗೆ ವೀರಗಲ್ಲು ಅಂತ ಹೆಸರಿಟ್ಟು ಕಲ್ಲು ನಿಲ್ಲಿಸಿದಾಗ ಜನರಿಗೆ ಅದರ ಅರ್ಥ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಆ ಒಂದು ಪದದಿಂದಲೇ ಪೊಲೀಸ್ ದಾಖಲೆಯಲ್ಲಿ ಗಲಭೆಕೋರ ಆಗಬಹುದಾಗಿದ್ದವನು ಊರು ಕಾಯಲು ಸತ್ತವನಾದ.

ನರಗುಂದದ ನೆಲಕ್ಕೆ ಮುಂಚೆಯೂ ಇಂಥ ನೆನಪಿತ್ತು. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ಅಲ್ಲಿನ ದೊರೆ ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಆಮೇಲೆ 2015ರ ಜುಲೈನಲ್ಲಿ ಮಹಾದಾಯಿ ನದಿಯ ನೀರಿಗಾಗಿ ಧರಣಿ ಶುರುವಾಗಿ ವರ್ಷಗಟ್ಟಲೆ ನಡೆದದ್ದೂ ನರಗುಂದದಲ್ಲೇ. ಒಂದು ನೆನಪಿನ ಮೇಲೆ ಇನ್ನೊಂದು ಕೂರುತ್ತದೆ. ನಿಮ್ಮೂರಲ್ಲೂ ಹಳೆಯ ನೆನಪು ಯಾವುದಿದೆ ನೋಡಿ, ಜನ ಈಗಾಗಲೇ ದೀಪ ಹಚ್ಚುವ ಜಾಗ ಯಾವುದಿದೆ ನೋಡಿ. ಹೊಸ ಕಟ್ಟೆಗಿಂತ ಅದು ಮೇಲು.

ಗುರುತು ದುಬಾರಿ ಆಗಬಾರದು. ಒಂದು ಶಾಲು, ಒಂದು ಹಿಡಿ ಜೋಳ, ಒಂದು ಗಿಡ. ನಾವು ಮಾಡಿದ್ದು ಇಷ್ಟು: ಸತ್ತವರ ಹೊಲದ ಒಂದೊಂದು ಹಿಡಿ ಎರೆ ಮಣ್ಣನ್ನು ಅವರ ಮನೆಯವರೇ ತಂದು ಒಂದು ಗಡಿಗೆಗೆ ಹಾಕಿದರು, ಆ ಗಡಿಗೆಯಲ್ಲಿ ಬೇವಿನ ಸಸಿ ಇಟ್ಟೆವು. ಈಗ ಆ ಬೇವು ಶಾಲೆಯ ಹಿಂದೆ ಎದೆ ಎತ್ತರ ಬೆಳೆದಿದೆ.

ಹಾಡು ಮರೆಯಬೇಡಿ. ಭಾಷಣ ಮರುದಿನ ಮರೆತು ಹೋಗುತ್ತದೆ, ಪದ ಉಳಿಯುತ್ತದೆ. 1857ರಲ್ಲಿ ಆಯುಧ ಕೊಡುವುದಿಲ್ಲ ಅಂತ ಎದುರು ನಿಂತ ಹಲಗಲಿ ಬೇಡರ ಸುದ್ದಿ ನಮಗೆ ಇವತ್ತೂ ಮೈ ನವಿರೇಳಿಸುವುದು ಲಾವಣಿಯಿಂದ. ಇನ್ನು ಮೊಹರಂ ನೋಡಿ. ಕರ್ಬಲಾದಲ್ಲಿ 680ರಲ್ಲಿ ಆದ ಸಾವನ್ನು ಧಾರವಾಡ, ಗದಗ, ವಿಜಯಪುರ ಕಡೆಯ ಹಳ್ಳಿಗಳಲ್ಲಿ ಕನ್ನಡದ ರಿವಾಯತ್ ಪದ ಹಾಡಿ ಅಳುತ್ತಾರೆ. ಹಾಡುವವರಲ್ಲಿ ಎಷ್ಟೋ ಜನ ಲಿಂಗಾಯತರು, ಕುರುಬರು, ದಲಿತರು. ಮುಸ್ಲಿಮರ ಒಂದು ಮನೆಯೂ ಇಲ್ಲದ ಊರಲ್ಲೂ ಬೆಂಕಿ ಹಾಕುವ ಅಲಾವಿ ಕುಣಿ ತೋಡುತ್ತಾರೆ, ಹೆಜ್ಜೆ ಹಾಕುತ್ತಾರೆ. ಎಲ್ಲಿಯ ಅರಬ್ ದೇಶ, ಎಲ್ಲಿಯ ನಮ್ಮ ಎರೆ ನಾಡು! ಬಾಯಾರಿ ಸತ್ತ ಮಕ್ಕಳ ಕಥೆ ಅಂದರೆ ನೀರಿಲ್ಲದ ನಾಡಿನವರಿಗೆ ತಮ್ಮದೇ ಅನಿಸಿರಬೇಕು ಅಂತ ನನಗೆ ಯಾವಾಗಲೂ ಅನಿಸುತ್ತದೆ. ನಿಮ್ಮೂರಲ್ಲಿ ರಿವಾಯತ್ ಹಾಡುವವರು, ಗೀಗೀ ಪದದವರು, ಭಜನಾ ಮೇಳದವರು ಇದ್ದರೆ ಮೊದಲು ಅವರ ಮನೆಗೆ ಹೋಗಿ. ನೋಟ್‌ಬುಕ್ ಓದಿ ಹೇಳಿ. ಅವರೇ ಪದ ಕಟ್ಟುತ್ತಾರೆ.

ಯಾರು ಹೊರಗೆ ಉಳಿದರು?

ಇದು ಎಲ್ಲಕ್ಕಿಂತ ಕಷ್ಟದ ಭಾಗ, ಇಲ್ಲಿ ಅವಸರ ಬೇಡ.

'ನಾವು' ಅಂದ ಕೂಡಲೇ ಒಂದು ಗೆರೆ ಬೀಳುತ್ತದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ 949ರ ಸುಮಾರಿನ ಒಂದು ವೀರಗಲ್ಲಿತ್ತು, ಈಗ ಬೆಂಗಳೂರಿನ ಮ್ಯೂಸಿಯಂನಲ್ಲಿದೆ. ಕಾಳಿ ಎಂಬ ನಾಯಿ ಕಾಡುಹಂದಿಯ ಜೊತೆ ಕಾದಾಡಿ ಸತ್ತದ್ದಕ್ಕೆ ಅದರ ಒಡೆಯ ಮಣಲೆರ ನಿಲ್ಲಿಸಿದ ಕಲ್ಲು ಅದು. ನಾಯಿಗೂ ಕಲ್ಲು ನಿಲ್ಲಿಸಿದ ಪ್ರೀತಿಯ ನಾಡು ನಮ್ಮದು. ಅದೇ ನಾಡಲ್ಲಿ ಹೆಂಗಸಿಗೆ ಕಲ್ಲು ಸಿಕ್ಕಿದ್ದು ಬಹುಪಾಲು ಗಂಡನ ಜೊತೆ ಸತ್ತಾಗ, ಮಾಸ್ತಿಗಲ್ಲಾಗಿ. ಗಂಡ ಸತ್ತ ಮೇಲೆ ಮೂವತ್ತು ವರ್ಷ ಕಳೆ ತೆಗೆದು, ರೊಟ್ಟಿ ಬಡಿದು, ಮಕ್ಕಳನ್ನು ದೊಡ್ಡದು ಮಾಡಿದವಳಿಗೆ ಯಾವ ಕಲ್ಲೂ ಇಲ್ಲ.

ರೈತ ಅಂದಾಗ ಕಣ್ಣ ಮುಂದೆ ಬರುವುದು ಪಟಗ ಸುತ್ತಿದ ಗಂಡಸು. ಹೊಲದಲ್ಲಿ ಕೆಲಸ ಜಾಸ್ತಿ ಮಾಡುವುದು ಹೆಂಗಸರು. ಪಹಣಿಯಲ್ಲಿ ಹೆಸರಿಲ್ಲ ಅಂದರೆ ಬೆಳೆ ಸಾಲ ಇಲ್ಲ, ವಿಮೆ ಇಲ್ಲ, ಅವಳು ಸತ್ತರೆ ರೈತ ಸತ್ತ ಅಂತ ಲೆಕ್ಕಕ್ಕೆ ಬರುವುದೂ ಕಷ್ಟ. 2015ರಲ್ಲಿ ಸರ್ಕಾರ ಇಂಥ ಕುಟುಂಬಗಳ ಪರಿಹಾರವನ್ನು 5 ಲಕ್ಷ ರೂಪಾಯಿಗೆ ಏರಿಸಿತು. ಒಳ್ಳೆಯದೇ. ಆದರೆ ಸಾಲ ಬ್ಯಾಂಕಿನದೋ ಕೈಗಡವೋ, ಜಮೀನು ಯಾರ ಹೆಸರಲ್ಲಿದೆ ಅಂತ ಸಾಬೀತು ಮಾಡುವ ಹೊಣೆ ಅದೇ ಅಕ್ಕನ ತಲೆ ಮೇಲೆ ಬೀಳುತ್ತದೆ. ಭೂಮಿ ಇಲ್ಲದ ಕೂಲಿಯವರಂತೂ ಆ ಪಟ್ಟಿಗೇ ಬರುವುದಿಲ್ಲ. ಬರ ಬಂದಾಗ ಮೊದಲು ಊರು ಬಿಟ್ಟು ಗೋವಾಕ್ಕೋ ಮಂಗಳೂರಿಗೋ ದುಡಿಯಲು ಹೋಗುವವರು ಅವರು. ರೈತ ಸಂಘದ ಮೇಲೆ ಭೂಮಿ ಇದ್ದವರ ಸಂಘ ಎಂಬ ಟೀಕೆ ಮೊದಲಿನಿಂದ ಇದೆ, ಅದರಲ್ಲಿ ಸತ್ಯ ಇದೆ ಅಂತ ನಾನು ನಂಬುತ್ತೇನೆ. ಹಸಿರು ಶಾಲಿನ ಮೇಲಿನ ಗೌರವ ಇಟ್ಟುಕೊಂಡೇ ಇದನ್ನು ಹೇಳುತ್ತಿದ್ದೇನೆ.

ಹಾಗಾದರೆ ಏನು ಮಾಡಬೇಕು? ನೋಟ್‌ಬುಕ್ಕಿನ ಹೆಸರುಗಳ ಮುಂದೆ ಓಣಿಯ ಹೆಸರು ಬರೆಯಿರಿ. ಎಲ್ಲ ಹೆಸರೂ ಎರಡೇ ಓಣಿಯವಾಗಿದ್ದರೆ ನಿಮ್ಮ ಕೆಲಸ ಅರ್ಧವೂ ಆಗಿಲ್ಲ. ನಮ್ಮದು ಹಾಗೇ ಇತ್ತು. ಎರಡನೇ ವರ್ಷ ಕೇರಿಗೆ ಹೋದಾಗ ಒಬ್ಬ ಹಿರಿಯರು ನಮ್ಮನ್ನು ಹೊರಗೇ ನಿಲ್ಲಿಸಿ, "ನಮ್ಮ ಹುಡುಗ ನಿಮ್ಮ ಹೊಲದಾಗ ಔಷಧಿ ಹೊಡಿಯೂ ಮುಂದ ಸತ್ತ, ಅವನ್ನ ಯಾವ ಪಟ್ಟಿಗೆ ಹಾಕ್ತೀರಿ?" ಅಂತ ಕೇಳಿದರು. ಉತ್ತರ ನಮ್ಮಲ್ಲಿ ಇರಲಿಲ್ಲ. ಆ ವರ್ಷ ಮೊದಲು ಓದಿದ್ದು ಅವನ ಹೆಸರು. ಅದಕ್ಕೆ ಇಬ್ಬರು ಎದ್ದು ಹೋದರು, ಅವರು ಮುಂದೆ ಬರಲೇ ಇಲ್ಲ. ಹೋಗುವವರು ಹೋಗುತ್ತಾರೆ, ತಯಾರಾಗಿರಿ.

ಇನ್ನು ಎದುರಿಗಿದ್ದವರ ಸಾವು. 1980ರಲ್ಲಿ ಸತ್ತ ಪೊಲೀಸರೂ ಸಂಬಳಕ್ಕೆ ದುಡಿದವರು, ಅವರ ಮನೆಗಳಲ್ಲೂ ಕಾಯುತ್ತಿದ್ದವರಿದ್ದರು. ಅವರನ್ನು ನೆನೆದರೆ ರೈತರ ತ್ಯಾಗ ಕಡಿಮೆಯಾಗುತ್ತದೆ ಅನ್ನುವವರ ಮಾತು ನನಗೆ ಒಪ್ಪಿಗೆ ಇಲ್ಲ. ಗುಂಡು ಹಾರಿಸಲು ಹೇಳಿದವರು ಯಾರು ಅನ್ನುವ ಪ್ರಶ್ನೆ ಗಟ್ಟಿಯಾಗಿ ಕೇಳಬೇಕು. ಅದರ ಜೊತೆಗೇ ಆ ಸಾವುಗಳಿಗೂ ಒಂದು ನಿಮಿಷ ಎದ್ದು ನಿಲ್ಲಬೇಕು.

ಸಿಟ್ಟು ದಾರಿ ತಪ್ಪದಂತೆ

ಸಿಟ್ಟಿಗೆ ಕಾರಣ ದೂರದಲ್ಲಿರುತ್ತದೆ, ಕೈಗೆ ಸಿಗುವವನು ಹತ್ತಿರದಲ್ಲಿರುತ್ತಾನೆ. ಅಪಾಯ ಇರುವುದು ಇಲ್ಲೇ. 1991ರಲ್ಲಿ ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶ ಬಂತು, ತಮಿಳುನಾಡಿಗೆ 205 ಟಿಎಂಸಿ ನೀರು ಬಿಡಬೇಕು ಅಂತ. ಮಂಡ್ಯದ ಗದ್ದೆಯವನ ಆತಂಕ ನಿಜವಾದದ್ದೇ. ಆದರೆ ಡಿಸೆಂಬರ್‌ನಲ್ಲಿ ಏಟು ಬಿದ್ದದ್ದು ಯಾರಿಗೆ? ಬೆಂಗಳೂರಿನ ಗುಡಿಸಲುಗಳಲ್ಲಿದ್ದ, ಕಟ್ಟಡಕ್ಕೆ ಕಲ್ಲು ಹೊರುತ್ತಿದ್ದ ತಮಿಳು ಕೂಲಿಯವರಿಗೆ. ಅವರ ಪಾಲಿಗೆ ಕಾವೇರಿಯ ನೀರೂ ಇರಲಿಲ್ಲ, ಗದ್ದೆಯೂ ಇರಲಿಲ್ಲ. 2016ರ ಸೆಪ್ಟೆಂಬರ್‌ನಲ್ಲಿ ಮತ್ತೆ ಬಸ್ಸುಗಳು ಉರಿದವು. ರೈತನಿಗೆ ಅದರಿಂದ ಒಂದು ಕೊಡ ನೀರೂ ಬರಲಿಲ್ಲ.

ಸಭೆಯಲ್ಲಿ ಮಾತಾಡುವವರಿಗೆ ಮುಂಚೆಯೇ ಒಂದು ಕಟ್ಟು ಹಾಕಿ. ಇಲಾಖೆ, ಆದೇಶ, ಕಾನೂನು, ಬೆಲೆ ಇವುಗಳ ಬಗ್ಗೆ ಎಷ್ಟು ಬೇಕಾದರೂ ಬಯ್ಯಲಿ. ಒಂದು ಜಾತಿ, ಒಂದು ಧರ್ಮ, ಒಂದು ಭಾಷೆಯ ಜನರ ಬಗ್ಗೆ 'ಅವರು' ಅಂತ ಶುರು ಮಾಡಿದರೆ ಮೈಕ್ ಬಂದ್ ಮಾಡಲು ಒಬ್ಬರನ್ನು ನೇಮಿಸಿ. ಅದು ಊರಲ್ಲಿ ಎಲ್ಲರೂ ಗೌರವಿಸುವ ಹಿರಿಯ ಹೆಣ್ಣುಮಗಳಾದರೆ ಜಗಳ ಬೆಳೆಯುವುದಿಲ್ಲ.

ವಾಟ್ಸಾಪ್‌ನಲ್ಲಿ ಬರುವ ವಿಡಿಯೋ ಬಗ್ಗೆಯೂ ಹುಷಾರಾಗಿರಿ. ಯಾವ ಊರು, ಯಾವ ತಾರೀಕು, ಯಾರ ಹೆಸರು, ಎಫ್‌ಐಆರ್ ಆಗಿದೆಯಾ, ಈ ನಾಲ್ಕಕ್ಕೆ ಉತ್ತರ ಇಲ್ಲದ ಯಾವುದನ್ನೂ ಸಭೆಯಲ್ಲಿ ತೋರಿಸಬೇಡಿ. 2016ರ ಜುಲೈ ಕೊನೆಯಲ್ಲಿ ಮಹಾದಾಯಿ ನ್ಯಾಯಮಂಡಳಿಯ ಮಧ್ಯಂತರ ತೀರ್ಪಿನ ಬಳಿಕ ನವಲಗುಂದ ತಾಲ್ಲೂಕಿನ ಯಮನೂರಿನಲ್ಲಿ ಪೊಲೀಸರು ಮನೆಗೆ ನುಗ್ಗಿ ಹೆಂಗಸರು, ಮುದುಕರು ಅನ್ನದೆ ಹೊಡೆದರು. ಆ ದೃಶ್ಯಗಳು ನಿಜವಾಗಿದ್ದವು, ಊರು ತಾರೀಕು ಎಲ್ಲ ಗೊತ್ತಿತ್ತು, ಅದಕ್ಕೇ ಆಳುವವರು ಉತ್ತರ ಕೊಡಬೇಕಾಯಿತು. ಒಂದು ಸುಳ್ಳು ವಿಡಿಯೋ ಸೇರಿದರೆ ನಿಜವಾದ ಹತ್ತೂ ಸುಳ್ಳಾಗಿ ಕಾಣುತ್ತವೆ.

ರಾಜಕಾರಣಿಗಳು ಬಂದರೆ

ಬರಬೇಡಿ ಅನ್ನಬೇಡಿ. ಬರಲಿ, ಜನರ ಜೊತೆ ಜಮಖಾನದ ಮೇಲೆ ಕೂರಲಿ. ವೇದಿಕೆ ಮೇಲೆ ಸತ್ತವರ ಮನೆಯವರು ಬಿಟ್ಟು ಬೇರೆ ಯಾರೂ ಬೇಡ. ರಾಜಕಾರಣಿಗಳು ಮಾತಾಡಬೇಕು ಅಂದರೆ ಐದು ನಿಮಿಷ, ಅದೂ ಹೆಸರುಗಳನ್ನು ಓದಿದ ಮೇಲೆ. ಮಾತು ಮುಗಿದ ಕೂಡಲೇ ಬೇಡಿಕೆಯ ಹಾಳೆ ಕೊಟ್ಟು, ಇದರಲ್ಲಿ ಯಾವುದನ್ನು ಯಾವಾಗ ಮಾಡುತ್ತೀರಿ ಅಂತ ಎಲ್ಲರ ಮುಂದೆ ಕೇಳಿ, ಉತ್ತರವನ್ನು ನೋಟ್‌ಬುಕ್ಕಿನಲ್ಲಿ ಬರೆದು ಅವರ ಸಹಿ ತೆಗೆದುಕೊಳ್ಳಿ. ಮುಂದಿನ ವರ್ಷ ಸಭೆ ಶುರುವಾಗುವುದೇ ಆ ಪುಟ ಓದುವುದರಿಂದ. ನಾವು ಈ ಕ್ರಮ ಇಟ್ಟ ಮೇಲೆ ಬರುವ ಕಾರುಗಳು ಕಡಿಮೆಯಾದವು. ಬಂದ ಒಬ್ಬರು ಮಾತ್ರ ನಿಜವಾಗಿಯೂ ಮೂರು ಕುಟುಂಬಗಳ ಕಾಗದ ಓಡಾಡಿ ಮಾಡಿಸಿಕೊಟ್ಟರು.

ಪೆಂಡಾಲಿಗೆ ಯಾರ ಹತ್ತಿರವೂ ದೊಡ್ಡ ದುಡ್ಡು ತೆಗೆದುಕೊಳ್ಳಬೇಡಿ. ಮನೆಗೊಂದು ಸೇರು ಜೋಳ, ಇಲ್ಲವೇ ಇಪ್ಪತ್ತು ರೂಪಾಯಿ ಸಾಕು.

ಆ ಸಂಜೆ

ಜುಲೈ ಅಂದರೆ ಕಳೆ ತೆಗೆಯುವ ಕಾಲ. ಹೆಂಗಸರು ಹೊಲದಿಂದ ಬರುವುದೇ ಆರು ಗಂಟೆಗೆ. ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಇಟ್ಟರೆ ಗಂಡಸರ ಸಭೆ ಆಗುತ್ತದೆ. ರಾತ್ರಿ ಎಂಟಕ್ಕೆ ಇಡಿ, ಮಳೆ ಬಂದರೆ ಶಾಲೆಯ ಜಗುಲಿ ಇರಲಿ. ಗುಡಿಯೊಳಗೆ ಬೇಡ, ಎಲ್ಲರಿಗೂ ಒಳಗೆ ಬರಲು ಆಗುವುದಿಲ್ಲ ಅಂತ ನಿಮಗೂ ಗೊತ್ತು.

ಮೊದಲು ಪದ ಹಾಡಲಿ. ಆಮೇಲೆ ಹೆಸರು ಓದಿ, ಒಂದೊಂದು ಹೆಸರಾದ ಮೇಲೆ ಸ್ವಲ್ಪ ಸುಮ್ಮನಿರಿ. ಮಾತಾಡಲು ಇಷ್ಟ ಇದ್ದ ಮನೆಯವರು ಮಾತಾಡಲಿ, ಒತ್ತಾಯ ಬೇಡ. ಯಾರಾದರೂ ಅತ್ತರೆ ಕ್ಯಾಮೆರಾ ಹಿಡಿಯಬೇಡಿ, ಪಕ್ಕದಲ್ಲಿರುವವರು ಹೋಗಿ ಕೂರಲಿ. ನಂತರ ಬೇಡಿಕೆ, ಎರಡು ಇಲ್ಲವೇ ಮೂರು. ಕೊನೆಗೆ ಎಲ್ಲರೂ ಒಂದೇ ಪಂಕ್ತಿಯಲ್ಲಿ ರೊಟ್ಟಿ, ಪಲ್ಯ ಊಟ ಮಾಡಬೇಕು. ಈ ಊಟವನ್ನು ಮಾತ್ರ ಬಿಡಬೇಡಿ. ನಮ್ಮಲ್ಲಿ ಮೂರನೇ ವರ್ಷ ಕೇರಿಯ ಆ ಹಿರಿಯರು ಪಂಕ್ತಿಯ ನಡುವೆ ಬಂದು ಕೂತರು, ಪಕ್ಕದಲ್ಲಿದ್ದವರು ಯಾರೂ ಏಳಲಿಲ್ಲ. ಆ ವರ್ಷದ ಭಾಷಣ ಒಂದೂ ನನಗೆ ನೆನಪಿಲ್ಲ.

ಆ ರಾತ್ರಿ ಮನೆಗೆ ಹೋದ ಮೇಲೆ ಕೆಲವರಿಗೆ ಹಳೆಯದೆಲ್ಲ ಮರುಕಳಿಸಿ ನಿದ್ದೆ ಬರುವುದಿಲ್ಲ. ಆದ್ದರಿಂದ ಮರುದಿನ ಬೆಳಿಗ್ಗೆ ಎರಡೆರಡು ಜನ ಒಂದೊಂದು ಮನೆಗೆ ಹೋಗಿ ಬನ್ನಿ. ಯಾರ ಬಗ್ಗೆಯಾದರೂ ಭಯ ಅನಿಸಿದರೆ ಅವರನ್ನು ಒಬ್ಬರೇ ಬಿಡಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ನೋಟ್‌ಬುಕ್ಕಿನ ಎರಡು ಜೆರಾಕ್ಸ್ ಪ್ರತಿ ಮಾಡಿಸಿ, ಒಂದು ಶಾಲೆಯ ಕಪಾಟಿನಲ್ಲಿ, ಇನ್ನೊಂದು ಊರ ಹೊರಗಿನ ನಂಬಿಕಸ್ಥರೊಬ್ಬರ ಹತ್ತಿರ ಇರಲಿ. ಮೂಲ ಪ್ರತಿ ವರ್ಷಕ್ಕೊಂದು ಮನೆಗೆ ಹೋಗಲಿ. ನಮ್ಮದು ಈ ವರ್ಷ ಚಹಾ ಕೊಟ್ಟು ಆ ಮಾತು ಹೇಳಿದ ಅಕ್ಕನ ಮನೆಯಲ್ಲಿದೆ. ಅವರು ಓದಲು ಬರೆಯಲು ಕಲಿತವರಲ್ಲ, ಮೊಮ್ಮಗಳಿಂದ ಓದಿಸಿ ಎರಡು ತಪ್ಪು ಹುಡುಕಿದ್ದಾರೆ, ಬಂದು ತಿದ್ದಿ ಅಂತ ಹೇಳಿ ಕಳಿಸಿದ್ದಾರೆ.